ಸೌತ್ ಕೆರೊಲಿನಾ ಆಗುವವರು ಯಾರು

ಏಪ್ರಿಲ್ 10, 1865, ಸೋಮವಾರ

ಯುದ್ಧ ಮುಗಿಯಿತಂತೆ. ಬೆಳಿಗ್ಗೆಯಿಂದ ಚರ್ಚಿನ ಗಂಟೆ ಎಳೆದೂ ಎಳೆದೂ ಹಗ್ಗವೇ ಕಿತ್ತುಬಂತು. ಆಮೇಲೆ ಗಂಡಸರು ಗಿರಣಿಯ ತಗಡು ಬಡಿದರು. ಕಾಲುವೆಯ ದೋಣಿಯವರು ಮಧ್ಯಾಹ್ನದವರೆಗೂ ಕೊಂಬು ಊದಿದ್ದೇ ಊದಿದ್ದು. ನನಗೆ ಸಂತೋಷವಾಗಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಆದರೆ ಮುಗಿಯುವುದೇ ಇದ್ದರೆ ಹತ್ತು ತಿಂಗಳು ಮುಂಚೆ ಮುಗಿಯೋಕೆ ಏನಾಗಿತ್ತು ಇದಕ್ಕೆ? ನನ್ನ ಮಗ ಕಾನ್ರಾಡ್ ವರ್ಜೀನಿಯಾದಲ್ಲಿ ಬಿದ್ದದ್ದು ಹೋದ ಜೂನ್‌ನಲ್ಲಿ. ಬಿದ್ದಲ್ಲೇ ಮಣ್ಣು ಮಾಡಿದರಂತೆ. ಗುರುತಿಗೆ ಒಂದು ಹಲಗೆ ನೆಟ್ಟರೋ ಇಲ್ಲವೋ, ಅದನ್ನೂ ಯಾರೂ ಬರೆಯಲಿಲ್ಲ.

ನನ್ನ ಮಗ ನನಗೆ ಬಿಟ್ಟುಹೋದದ್ದು ಎರಡು: ಪಿಯಾನೋ ರಿಪೇರಿಯ ಒಂದು ಚೀಲ ಸಾಮಾನು, ಸೌತ್ ಕೆರೊಲಿನಾದ ಒಬ್ಬಳು ಹೆಂಡತಿ. ಚೀಲವಾದರೂ ಮೂಲೆಯಲ್ಲಿ ಸುಮ್ಮನೆ ಕೂತಿರುತ್ತದೆ.

ಮೊಹಾಕ್ ಹೊಳೆಯ ಎರಡೂ ದಡದಲ್ಲಿ ಹೆಣ್ಣಿಗೇನು ಬರಗಾಲವಿತ್ತೆ? ಪಿಯಾನೋ ಸರಿ ಮಾಡುತ್ತೇನೆ ಅಂತ ಚಾರ್ಲ್‌ಸ್ಟನ್ನಿಗೆ ಹೋದವನು ಇವಳನ್ನು ಕಟ್ಟಿಕೊಂಡು ಬಂದ. ಅದೇ ಚಳಿಗಾಲದಲ್ಲಿ ಅವಳ ರಾಜ್ಯ ಎಲ್ಲರಿಗಿಂತ ಮೊದಲು ದೇಶ ಬಿಟ್ಟು ಹೊರನಡೆಯಿತು, ಯುದ್ಧ ಹತ್ತಿಸಿತು. ಅವತ್ತಿನಿಂದ ಊರಿನವರು ಇವಳ ಮುಖ ಕಂಡರೆ ಉಗುಳುವುದೊಂದು ಬಾಕಿ. ಆರು ಗಂಟೆಯವರೆಗೆ ಮಲಗುತ್ತಾಳೆ. ಚೀಸ್ ಕಂಡರೆ ಮೂಗು ಮುರಿಯುತ್ತಾಳೆ, ಅದೂ ಚೀಸಿನಿಂದಲೇ ಬದುಕುವ ಈ ಊರಿನಲ್ಲಿ. ಇವತ್ತು ಬಾಲ್ಟಿಮೋರಿನ ಅವಳ ಚಿಕ್ಕಮ್ಮನಿಂದ ಕಾಗದ ಬಂದಿದೆ, "ಬಂದುಬಿಡು" ಅಂತ. "ಏನ್ಮಾಡ್ತೀಯೇ?" ಅಂದೆ. "ಯೋಚನೆ ಮಾಡ್ತೀನಿ ಅತ್ತೆ" ಅಂದಳು. ಯೋಚನೆ ಮಾಡೋಕೆ ಏನಿದೆ ಅದರಲ್ಲಿ. ಹೋದರೆ ಅವಳಿಗೂ ನೆಮ್ಮದಿ, ನನಗೂ ನೆಮ್ಮದಿ.

ಏಪ್ರಿಲ್ 15, ಶನಿವಾರ

ಪ್ರೆಸಿಡೆಂಟರನ್ನು ಕೊಂದುಬಿಟ್ಟರು. ನಾಟಕ ನೋಡುತ್ತ ಕೂತಿದ್ದವರ ತಲೆಗೆ ಹಿಂದಿನಿಂದ ಗುಂಡು. ತಂತಿ ಕಚೇರಿಯ ಮುದುಕ ಬಾಗಿಲಲ್ಲಿ ನಿಂತು ಓದಿ ಹೇಳಿದ. ಓದಿದ ಮೇಲೆ ಟೋಪಿ ತೆಗೆಯಬೇಕೆಂದು ನೆನಪಾಗಿ ತಲೆ ಮುಟ್ಟಿಕೊಂಡ, ಟೋಪಿ ಇರಲಿಲ್ಲ. ಯಾರಿಗೂ ನಗು ಬರಲಿಲ್ಲ.

ನಾನು ಬೀದಿಯಲ್ಲೇ ಅತ್ತೆ. ಆ ಉದ್ದನೆಯ ಮನುಷ್ಯನ ಮೇಲೆ ನನಗೆ ಕೋಪ ಇತ್ತು, ನನ್ನ ಮಗನನ್ನು ಕರೆಸಿಕೊಂಡವನು ಅಂತ. ಆದರೂ ಅತ್ತೆ.

ಮಧ್ಯಾಹ್ನದೊಳಗೆ ಅಂಗಡಿಯಲ್ಲಿ ಕರಿಬಟ್ಟೆ ಖಾಲಿ. ಕರಿ ದಾರವೂ ಖಾಲಿ, ಕರಿ ಗುಂಡಿಯೂ ಖಾಲಿ. ಆಗ ಊರಿಗೆಲ್ಲ ಒಟ್ಟಿಗೇ ನೆನಪಾಯಿತು, ಡೋರಕ್ಕನ ಮನೆಯಲ್ಲಿ, ಅಂದರೆ ನನ್ನ ಮನೆಯಲ್ಲಿ, ಇಬ್ಬರು ವಿಧವೆಯರಿದ್ದಾರೆ, ಅಟ್ಟದ ಪೆಟ್ಟಿಗೆಯ ತುಂಬ ಕಪ್ಪೇ ಕಪ್ಪು ಅಂತ. ನಾಲ್ಕು ವರ್ಷ ಹೊಸ್ತಿಲು ತುಳಿಯದವರೆಲ್ಲ ಸಾಲಾಗಿ ನಿಂತರು. ನನ್ನ ಸೊಸೆ ಒಂದೊಂದಾಗಿ ತೆಗೆದು ಕೊಟ್ಟಳು. ಶಾಲು ಹೋಯಿತು, ಮುಸುಕು ಹೋಯಿತು, ಎರಡು ಏಪ್ರನ್ ಹೋದವು. "ಥ್ಯಾಂಕ್ಸ್ ಅಂತ ಒಬ್ಬರಾದ್ರೂ ಅಂದ್ರೇನೇ?" ಅಂತ ಕೇಳಿದೆ. "ನಿಮಗೆ ಹೇಳಿ ಹೋದ್ರಲ್ಲ ಅತ್ತೆ" ಅಂದಳು. ಹೌದು, ಕೊಟ್ಟವಳು ಅವಳು, ನಮಸ್ಕಾರ ನನಗೆ.

ಏಪ್ರಿಲ್ 16, ಈಸ್ಟರ್

ಚರ್ಚಿನ ಬಾಗಿಲಿನ ಮೇಲೆ ಕಮಾನಿನ ಹಾಗೆ ತೂಗುಬಿಟ್ಟಿದ್ದ ಕರಿಬಟ್ಟೆ ನನ್ನ ಒಳಲಂಗ. ಸೊಂಟದ ಲಾಡಿ ಹಾಗೇ ಇಳಿಬಿದ್ದಿತ್ತು. ಪಾದ್ರಿಗಳು ಅದರ ಕೆಳಗೆ ನಿಂತು ಇಡೀ ಊರನ್ನು ಕೈಹಿಡಿದು ಒಳಗೆ ಬಿಟ್ಟುಕೊಂಡರು. ದೇವರು ಕ್ಷಮಿಸಲಿ, ಪ್ರಾರ್ಥನೆಯಲ್ಲಿ ನನ್ನ ಮನಸ್ಸು ನಿಲ್ಲಲಿಲ್ಲ.

ನಮ್ಮ ಬೆಂಚಿನಲ್ಲಿ ಬೇರೆ ಯಾರೂ ಕೂರಲಿಲ್ಲ. ಹೊರಗೆ ಬಂದಾಗ ಗಿರಣಿ ಧಣಿಯ ಹೆಂಡತಿ ಇಲೆಕ್ಟಮ್ಮ ನನ್ನನ್ನು ಪಕ್ಕಕ್ಕೆ ಕರೆದಳು. ಈ ಊರಿನಲ್ಲಿ ಹುಟ್ಟು, ಸಾವು, ಕೇಕು ಯಾವುದೂ ಅವಳನ್ನು ಕೇಳದೆ ಆಗುವುದಿಲ್ಲ. "ಡೋರಕ್ಕ, ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ. ಆ ಹುಡುಗೀನ ಅವಳ ಕಡೆಯವರ ಹತ್ರ ಕಳಿಸಿಬಿಡಿ. ಜನ ಕುದೀತಾ ಇದ್ದಾರೆ."

"ಅವಳೇನು ನಾಟಕಶಾಲೆಗೆ ಹೋಗಿ ಗುಂಡು ಹಾರಿಸಿದ್ಲಾ? ಮೊನ್ನೆ ರಾತ್ರೀವರೆಗೂ ನನ್ನ ಜೊತೆ ಸೋಪು ಕಾಯಿಸ್ತಾ ಇದ್ಲು" ಅಂದೆ.

"ನಾನು ಹಾಗಂದೆನಾ" ಅಂದಳು ಇಲೆಕ್ಟಮ್ಮ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನ. ನಾನೂ ಅವಳು ಹೋಗಲಿ ಅಂತಲೇ ಇದ್ದವಳು, ಅದು ನಿಜ. ಆದರೆ ಹೋಗು ಅನ್ನಬೇಕಾದವಳು ನಾನು. ಇವರು ಯಾರು?

ಏಪ್ರಿಲ್ 18, ಮಂಗಳವಾರ

ನಾಳೆ ದೇಶಕ್ಕೆಲ್ಲ ಒಂದೇ ಹೊತ್ತಿಗೆ ಶೋಕದ ಪ್ರಾರ್ಥನೆ. ಊರಿನ ಕರವಸ್ತ್ರ, ಕೈಗವಸು, ರಿಬ್ಬನ್ ಎಲ್ಲ ಕಪ್ಪಾಗಬೇಕೆಂದು ಇಲೆಕ್ಟಮ್ಮನ ಅಪ್ಪಣೆ. ಮೇಪಲ್ ರಸ ಕಾಯಿಸುವ ನನ್ನ ಹಂಡೆ ಊರಿಗೇ ದೊಡ್ಡದು, ಹಾಗಾಗಿ ನನ್ನ ಅಂಗಳದಲ್ಲೇ ಬಣ್ಣ ಅದ್ದುವ ಕೆಲಸ. ಹನ್ನೊಂದು ಹೆಂಗಸರು, ಹನ್ನೊಂದು ಕೋಲು, ಹನ್ನೆರಡು ಅಭಿಪ್ರಾಯ.

ಸೊಸೆ ಬಂದು, "ಬಣ್ಣ ಕಚ್ಚೋಕೆ ಉಪ್ಪು, ವಿನಿಗರ್ ಹಾಕಿ ಇನ್ನೊಂದ್ಸಲ ಕುದಿಸ್ಬೇಕು" ಅಂದಳು. ಹೋದ ವರ್ಷ ನಮ್ಮಿಬ್ಬರ ಬಟ್ಟೆಗೂ ಬಣ್ಣ ಹಾಕಿದವಳು ಅವಳೇ.

"ಕಪ್ಪು ಬಣ್ಣದ ವಿಷಯ ನಮಗೆ ಚಾರ್ಲ್‌ಸ್ಟನ್ನಿನವರು ಹೇಳಿಕೊಡಬೇಕಾ?" ಅಂದಳು ಇಲೆಕ್ಟಮ್ಮ. ಹೆಂಗಸರು ಕೋಲು ಆಡಿಸುವುದನ್ನು ನಿಲ್ಲಿಸಿದರು. ನಾನೂ, "ನೀನು ಒಳಗೆ ಹೋಗೇ" ಅಂದೆ. ಅಷ್ಟು ಜನರ ಮುಂದೆ ಬೇರೇನು ಹೇಳಲಿ.

ಏಪ್ರಿಲ್ 19, ಬುಧವಾರ

ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರೆ. ಇವತ್ತು ಕಣ್ಣು ಬಿಟ್ಟರೇ ಬಣ್ಣಗೇಡು. ಪಾದ್ರಿಗಳು ಚೆನ್ನಾಗಿ ಮಾತಾಡಿದರು, ಜನ ಚೆನ್ನಾಗಿ ಅತ್ತರು, ಕರವಸ್ತ್ರ ತೆಗೆದು ಚೆನ್ನಾಗಿ ಒರೆಸಿಕೊಂಡರು. ಎರಡನೇ ಕೀರ್ತನೆ ಮುಗಿಯುವ ಹೊತ್ತಿಗೆ ಕರವಸ್ತ್ರದ ಬಣ್ಣ ಇಳಿದು ಗಿರಣಿ ಧಣಿಗೆ ಮೀಸೆ ಬಂದಿತ್ತು. ಇಲೆಕ್ಟಮ್ಮನ ಎರಡೂ ಕೆನ್ನೆಯ ಮೇಲೆ ಐದೈದು ಬೆರಳು. ಯಾರೂ ತಮ್ಮ ಮುಖ ನೋಡಿಕೊಳ್ಳಲಾರರು, ಪಕ್ಕದವರ ಮುಖ ನೋಡಿ ನಗಲಾರರು. ನಗು ತಡೆಯೋಕೆ ಮತ್ತೆ ಕರವಸ್ತ್ರ ಬಾಯಿಗೆ ತುರುಕಿಕೊಂಡರು. ಪಾದ್ರಿಗಳು ಮೇಲಿನಿಂದ ನೋಡಿ, ಮಾತು ಮರೆತು, ಆಮೆನ್ ಅಂದುಬಿಟ್ಟರು.

ಹೊರಗೆ ಬಂದದ್ದೇ ತಡ, "ಅವಳೇ ಏನೋ ಬೆರೆಸಿದ್ದಾಳೆ, ಸತ್ತವರಿಗೆ ಅವಮಾನ ಮಾಡೋಕೆ" ಅಂತ ಕೂಗು ಎದ್ದಿತು. ನನಗೆ ಎಲ್ಲಿತ್ತೋ ಸಿಟ್ಟು. "ಹಂಡೆ ನಂದು, ಸೌದೆ ನಂದು, ಬುದ್ಧಿಗೇಡಿತನ ನಮ್ಮೆಲ್ಲರದು. ನನ್ನ ಸೊಸೆ ಬಾಯಿಬಿಟ್ಟು ಹೇಳಿದ್ಲು. ಅವಳ ಮಾತು ಕೇಳಿದ್ದಿದ್ರೆ ನಿಮ್ಮ ಮೂತಿ ನೆಟ್ಟಗಿರ್ತಿತ್ತು" ಅಂದೆ. ನನ್ನ ಮೂತಿಯೂ ಅವರ ಹಾಗೇ ಇತ್ತಂತೆ, ಮನೆಗೆ ಬಂದ ಮೇಲೆ ಗೊತ್ತಾಯಿತು. ಸೊಸೆ ಬೆಣ್ಣೆ ಹಚ್ಚಿ ಒರೆಸಿದಳು. ಒರೆಸುವಾಗ ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ, ಕಣ್ಣು ಮುಚ್ಚಿದ್ದೆ.

ಸಂಜೆ ಬಾಲ್ಟಿಮೋರಿಗೆ ಕಾಗದ ಬರೆದಳು.

ಏಪ್ರಿಲ್ 20

ಇಪ್ಪತ್ತೇಳರ ಬೆಳಗಿನ ಗಾಡಿಗೆ ಹೋಗುತ್ತಾಳಂತೆ. ಒಳ್ಳೆಯದೇ ಆಯಿತು. ಇವತ್ತು ಬ್ರೆಡ್ ಉಬ್ಬಲಿಲ್ಲ. ಹಿಟ್ಟು ಸರಿ ಇರಲಿಲ್ಲವೋ ಏನೋ.

ಏಪ್ರಿಲ್ 22, ಶನಿವಾರ

ಪ್ರೆಸಿಡೆಂಟರ ದೇಹ ಹೊತ್ತ ರೈಲು ಅವರ ಊರಿನವರೆಗೂ ಹೋಗುತ್ತದಂತೆ, ದಾರಿಯಲ್ಲಿ ಎಲ್ಲರೂ ನೋಡಲಿ ಅಂತ. ಬುಧವಾರ ಸಂಜೆ ಐದೂವರೆಗೆ ನಮ್ಮೂರು ದಾಟುತ್ತದೆ. ನಿಲ್ಲುವುದಿಲ್ಲ, ನಿಧಾನ ಮಾಡುತ್ತದೆ.

ದೊಡ್ಡ ಊರುಗಳಲ್ಲಿ ಬಿಳಿ ಉಡುಪಿನ ಮೂವತ್ತಾರು ಕನ್ಯೆಯರನ್ನು ನಿಲ್ಲಿಸುತ್ತಾರಂತೆ, ರಾಜ್ಯಕ್ಕೊಬ್ಬಳು, ಎದೆಯ ಮೇಲೆ ಅಡ್ಡ ಕರಿಪಟ್ಟಿ, ಪಟ್ಟಿಯಲ್ಲಿ ರಾಜ್ಯದ ಹೆಸರು. ನಾವೇನು ಕಮ್ಮಿ ಅಂತ ಇಲೆಕ್ಟಮ್ಮ ಸಮಿತಿ ಮಾಡಿದಳು. ಊರಿನ ಕನ್ಯೆಯರನ್ನೆಲ್ಲ ಒಟ್ಟುಗೂಡಿಸಿದರೆ ಇಪ್ಪತ್ತೊಂದು. ಮದುವೆಯಾದವರೂ ಆಗಬಹುದು, ಕೂದಲು ಮಾತ್ರ ನೆರೆತಿರಬಾರದು ಅಂತ ತಿದ್ದುಪಡಿಯಾಯಿತು. ಮೂವತ್ತು ಆಯಿತು. ಕಡೆಗೆ ಕೂದಲಿನ ಮಾತನ್ನೂ ಕೈಬಿಟ್ಟರು. ಕಣ್ಣು ಕಾಣದ ಎಪ್ಪತ್ತೊಂದರ ಆರ್ಫಜ್ಜಿ ಸೇರಿದ ಮೇಲೆ ಸರಿಯಾಗಿ ಮೂವತ್ತಾರು. ನನ್ನನ್ನು ಯಾರೂ ಕರೆಯಲಿಲ್ಲ. ನಾನೂ ಕಾಯುತ್ತಿರಲಿಲ್ಲ.

ಏಪ್ರಿಲ್ 24, ಸೋಮವಾರ

ಯಾರು ಯಾವ ರಾಜ್ಯ ಅಂತ ಪಾದ್ರಿಗಳ ಟೋಪಿಯಲ್ಲಿ ಚೀಟಿ ಹಾಕಿ ಎತ್ತಿಸಿದರು. ನಾನು ಚರ್ಚಿನ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ, ಪಟ್ಟಿಗಳಿಗೆ ಬಣ್ಣ ಹಾಕೋಕೆ ಸಮಿತಿಯವರು ಒಯ್ದಿದ್ದ ನನ್ನ ಹಂಡೆ ವಾಪಸು ಕೇಳೋಕೆ ಹೋಗಿದ್ದವಳು.

ಸೌತ್ ಕೆರೊಲಿನಾ ಮೊದಲು ಬಂದದ್ದು ಇಲೆಕ್ಟಮ್ಮನ ಮಗಳು ಫಿಲೀನಾಗೇ. ಹುಡುಗಿ ಚೀಟಿ ಓದಿದಳು, ಹಿಂದೆ ಕುರ್ಚಿ ಇದೆಯೇ ಅಂತ ನೋಡಿಕೊಂಡಳು, ಮೂರ್ಛೆ ಹೋದಳು. "ಈ ಚೀಟಿ ಲೆಕ್ಕಕ್ಕಿಲ್ಲ" ಅಂದಳು ಇಲೆಕ್ಟಮ್ಮ. ಎರಡನೇ ಸಲ ಕಮ್ಮಾರನ ಮಗಳು ಟಬಿತಾಗೆ ಬಂತು. ಕಮ್ಮಾರ ಇಬ್ಬರು ಗಂಡುಮಕ್ಕಳನ್ನು ಯುದ್ಧಕ್ಕೆ ಕೊಟ್ಟವನು. "ನನ್ನ ಮಗಳ ಎದೆ ಮೇಲೆ ಆ ಹೆಸರು ಹಾಕಿ ನೋಡಿ, ರೈಲು ಕಂಬೀನೇ ಬಗ್ಗಿಸ್ತೀನಿ" ಅಂದ. ಅವನು ಬಗ್ಗಿಸಬಲ್ಲ, ಅದು ಎಲ್ಲರಿಗೂ ಗೊತ್ತು. ಮೂರನೆಯದು ಆರ್ಫಜ್ಜಿಗೆ. ಅಜ್ಜಿ ಖುಷಿಯಾಗಿ ಪಟ್ಟಿ ಹಾಕಿಕೊಂಡು ಮನೆಗೆ ಹೋದಳು. ಮೊಮ್ಮಗಳು ಓದಿ ಹೇಳಿದ ಮೇಲೆ ಕೋಲು ಹಿಡಿದು ಬಂದಳು, ಪಟ್ಟಿಯನ್ನು ಪಾದ್ರಿಗಳ ಟೋಪಿಗೆ ಎಸೆದು, ಯಾವ ರಾಜ್ಯವೂ ಬೇಡ ಅಂತ ಹೊರಟೇಹೋದಳು.

"ಮೂವತ್ತೈದು ಸಾಕು. ಆ ರಾಜ್ಯ ಇಲ್ಲದಿದ್ದರೆ ಚೆನ್ನಾಗೇ ಕಾಣುತ್ತೆ" ಅಂದಳು ಇಲೆಕ್ಟಮ್ಮ. ಎಲ್ಲರೂ ಹೌದು ಹೌದು ಅಂದರು.

ಆಗ ನನಗೆ ತಡೆಯಲಾಗಲಿಲ್ಲ. "ಒಂದು ಕಮ್ಮಿಯಾದ್ರೂ ಸಾಕು ಅನ್ನೋ ಹಾಗಿದ್ದಿದ್ರೆ ಆ ಪುಣ್ಯಾತ್ಮ ಪ್ರೆಸಿಡೆಂಟರು ನಾಲ್ಕು ವರ್ಷದ ಹಿಂದೇನೇ ಸಾಕು ಅಂತಿದ್ರು. ನನ್ನ ಮಗ ಮನೇಲಿ ಪಿಯಾನೋ ಕುಟ್ಕೊಂಡು ಇರ್ತಿದ್ದ. ಒಂದೂ ಬಿಟ್ಟು ಹೋಗಬಾರದು ಅಂತ ತಾನೇ ಇಷ್ಟೆಲ್ಲ ಆಗಿದ್ದು? ಈಗ ಅವರ ಹೆಣದ ಮುಂದೆ ನಿಂತು ಒಂದು ಕಮ್ಮಿ ತೋರಿಸ್ತೀರಾ?"

 ಆಮೇಲೆ ಇಲೆಕ್ಟಮ್ಮ ಮೆಲ್ಲಗೆ, "ಹಾಗಾದ್ರೆ ನಿಮ್ಮ ಸೊಸೇನೇ ನಿಲ್ಲಲಿ. ಅವಳ ರಾಜ್ಯ ತಾನೇ. ಕಡೇಲಿ, ಬರಿತಲೇಲಿ, ಮಂಡಿಯೂರಿ. ಊರು ನೋಡಲಿ" ಅಂದಳು. ಕೆಲವರು ಹೌದೆಂದು ತಲೆಯಾಡಿಸಿದರು. ಅವರ ಕಣ್ಣಿನಲ್ಲಿದ್ದದ್ದು ಶೋಕವಲ್ಲ, ಅದು ನನಗೆ ಗೊತ್ತಾಗುವುದಿಲ್ಲವೇ.

"ಅವಳು ಬರೋದಿಲ್ಲ. ನಾನು ನಿಲ್ತೀನಿ. ಮಂಡಿ ಮಾತ್ರ ಊರಲ್ಲ" ಅಂದು ಪಟ್ಟಿ ಎತ್ತಿಕೊಂಡು ಬಂದೆ. ಹಂಡೆ ಅಲ್ಲೇ ಮರೆತೆ.

ಏಪ್ರಿಲ್ 25, ಮಂಗಳವಾರ

ನನ್ನ ಹತ್ತಿರ ಬಿಳಿ ಅನ್ನುವುದು ಇರುವುದು ರಾತ್ರಿ ಹಾಕುವ ನಿಲುವಂಗಿ ಒಂದೇ. ನನ್ನ ಸೊಸೆ ಸೆಲೀನಾಗೆ ಕೋಪ ಬಂದಿದೆ. "ನಾನು ಕೇಳಿದ್ನಾ ಅತ್ತೆ? ನಾಡಿದ್ದು ಹೋಗೋಳು ನಾನು. ನಿಮಗ್ಯಾಕೆ ಬೇಕಿತ್ತು ಇದು? ನಾನು ಹೋದ್ಮೇಲೂ ನೀವು ಇವರ ಮಧ್ಯೆ ಬದುಕಬೇಕು."

"ನಿನಗೋಸ್ಕರ ಅಂತ ಯಾರಂದ್ರೇ? ಲೆಕ್ಕ ತಪ್ಪಬಾರದು ಅಂತ."

ಅವಳು ಸೂಜಿ ದಾರ ತಂದಳು. ಕಿಟಕಿಯ ಲೇಸು ಪರದೆ ಬಿಚ್ಚಿದಳು, ನಿಲುವಂಗಿಯ ಕತ್ತಿಗೂ ಕೈಗೂ ಹೊಲಿದಳು. ಸೂಜಿಯನ್ನು ಯಾರ ಮೇಲೋ ಚುಚ್ಚುವವಳ ಹಾಗೆ ಎಳೆಯುತ್ತಿದ್ದಳು. ಹಾಕಿಕೊಂಡು ನೋಡಿದೆ. ಐವತ್ತೆಂಟು ವರ್ಷದ, ನೂರೆಂಬತ್ತು ಪೌಂಡಿನ ಕನ್ಯೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. "ನಗು, ನಗು" ಅಂದೆ. ನಕ್ಕೇಬಿಟ್ಟಳು. ಕಾನ್ರಾಡ್ ಹೋದ ಮೇಲೆ ಈ ಮನೆಯಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ. ಆಮೇಲೆ ಮಹಡಿಗೆ ಹೋಗಿ ಟ್ರಂಕು ತುಂಬಿದಳು. ಅದು ಎಳೆದಾಡುವ ಸದ್ದು ಕೇಳುತ್ತಿತ್ತು. ಎಷ್ಟು ಹೊತ್ತು ಎಳೆಯುತ್ತಾಳೋ, ಇರುವುದೇ ನಾಲ್ಕು ಬಟ್ಟೆ.

ಏಪ್ರಿಲ್ 26, ಬುಧವಾರ

ಎಲ್ಲ ಬರೆದುಬಿಡುತ್ತೇನೆ, ಮಲಗಿದರೂ ನಿದ್ದೆ ಬರುವುದಿಲ್ಲ.

ನಾಲ್ಕು ಗಂಟೆಗೇ ಕಂಬಿಯ ಪಕ್ಕದಲ್ಲಿ ಸಾಲು ನಿಂತಾಯಿತು. ಸುತ್ತಲಿನ ಹಳ್ಳಿಯವರೆಲ್ಲ ಬಂಡಿ ಕಟ್ಟಿಕೊಂಡು ಬಂದಿದ್ದರು. ಸೆಲೀನಾಗೆ, "ಮನೆ ಬಿಟ್ಟು ಬರಬೇಡ" ಅಂತ ಹೇಳಿ ಬಂದಿದ್ದೆ. ನನ್ನನ್ನು ಕಡೆಗೆ, ಇದ್ದಿಲ ರಾಶಿಯ ಹತ್ತಿರ ನಿಲ್ಲಿಸಿದರು. ನನ್ನ ಪಕ್ಕದ ನೆವಾಡಾ ನನ್ನಿಂದ ಒಂದು ಮಾರು ದೂರ ಸರಿದು ನಿಂತಳು. ಹನ್ನೆರಡು ವರ್ಷದ ಹುಡುಗಿ, ಅವಳಮ್ಮ ಹೇಳಿಕೊಟ್ಟಿದ್ದಿರಬೇಕು. ಜನರ ನಡುವಿನಿಂದ ಯಾರೋ, "ಪಟ್ಟಿ ಕಿತ್ತು ಹಾಕಿ" ಅಂತ ಕೂಗಿದರು. ಇನ್ಯಾರೋ, "ಅದು ಡೋರಕ್ಕ ಕಣಯ್ಯಾ, ಕಿತ್ತು ನೋಡು ನೀನೇ" ಅಂದರು. ಗಾಳಿ ಬಂದು ನಿಲುವಂಗಿ ಉಬ್ಬಿದಾಗ ಸೌತ್ ಕೆರೊಲಿನಾ ಮತ್ತೊಮ್ಮೆ ದೇಶ ಬಿಟ್ಟು ಹಾರಿಹೋಗುತ್ತದೆ ಅಂತ ಕಮ್ಮಾರ ಅಂದನಂತೆ. ಅನ್ನಲಿ.

ಮೊದಲು ಒಂದೇ ಒಂದು ಎಂಜಿನ್ ಬಂತು, ದಾರಿ ಸರಿ ಇದೆಯೇ ನೋಡೋಕೆ. ಗೊತ್ತಿಲ್ಲದ ಜನ ಅದಕ್ಕೇ ಅತ್ತುಬಿಟ್ಟರು. ಹತ್ತು ನಿಮಿಷದ ಮೇಲೆ ನಿಜವಾದ ರೈಲು ಬಂದಾಗ ಮತ್ತೆ ಮೊದಲಿಂದ ಅಳಬೇಕಾಯಿತು.

ಮೆಲ್ಲಗೆ ಬಂತು, ಮನುಷ್ಯ ನಡೆದಷ್ಟೇ ಮೆಲ್ಲಗೆ. ಡಬ್ಬಿಗಳಿಗೆಲ್ಲ ಕರಿಬಟ್ಟೆ. ಅವರಿದ್ದ ಡಬ್ಬಿ ನನ್ನ ಮುಂದೆಯೇ ಹೋಯಿತು. ಮೂರು ವರ್ಷದ ಹಿಂದೆ ತೀರಿಕೊಂಡ ಅವರ ಪುಟ್ಟ ಮಗನ ಪೆಟ್ಟಿಗೆಯೂ ಅದರಲ್ಲೇ ಇದೆಯಂತೆ, ಅಪ್ಪ ಮಗ ಜೊತೆಯಲ್ಲೇ ಊರಿಗೆ ಹೋಗುತ್ತಿದ್ದಾರಂತೆ. ಪಾದ್ರಿಗಳು ಬೆಳಿಗ್ಗೆ ಹೇಳಿದ್ದರು. ಆಗ ಏನೂ ಅನ್ನಿಸಿರಲಿಲ್ಲ. ಈಗ ಆ ಡಬ್ಬಿ ಕಂಡಾಗ, ನನ್ನ ಮಗನನ್ನು ಯಾವ ರೈಲೂ ಕರೆತರಲಿಲ್ಲ, ಯಾರೂ ಅವನಿಗೆ ಟೋಪಿ ತೆಗೆಯಲಿಲ್ಲ ಅನ್ನಿಸಿತು. ನನ್ನ ಕೂಸು ಅಲ್ಲೆಲ್ಲೋ ಒಬ್ಬನೇ ಬಿದ್ದಿದ್ದಾನೆ. ಆಮೇಲೆ ಏನಾಯಿತೋ ಗೊತ್ತಿಲ್ಲ. ಮಂಡಿ ಊರಲ್ಲ ಅಂದವಳು ನೆಲದ ಮೇಲಿದ್ದೆ, ಎರಡೂ ಮಂಡಿ ಇದ್ದಿಲ ಚೂರಿನ ಮೇಲೆ.

ರೈಲು ಹೋಯಿತು. ಹೊಗೆಯೂ ಹೋಯಿತು. ಏಳೋಣ ಅಂದರೆ ಮಂಡಿ ಏಳಲಿಲ್ಲ. ಎಡಗಾಲು ಹಿಡಿದುಕೊಂಡಿದೆ, ಬಲಗಾಲು ಜೋಮು ಹಿಡಿದಿದೆ. ಮೂವತ್ತೈದು ರಾಜ್ಯಗಳು ಕರವಸ್ತ್ರ ಮಡಿಸಿ ಚದುರುತ್ತಿವೆ, ನಾನು ಮಾತ್ರ ಹಾಗೇ ತಲೆ ತಗ್ಗಿಸಿ ಕೂತಿದ್ದೇನೆ. ನೋವಿಗೆ ಕಣ್ಣಲ್ಲಿ ನೀರು. ಜನ ನಿಂತರು.  ಇಲೆಕ್ಟಮ್ಮ ಮಡಿಸಿದ ಕರವಸ್ತ್ರ ಮತ್ತೆ ಬಿಚ್ಚಿ, "ನೋಡಿ, ಸೌತ್ ಕೆರೊಲಿನಾ ಪಶ್ಚಾತ್ತಾಪ ಪಡ್ತಾ ಇದೆ" ಅಂದಳು. ಪಾದ್ರಿಗಳು ಟೋಪಿ ತೆಗೆದರು. ಆ ಕಮ್ಮಾರನೂ ಕಣ್ಣೊರೆಸಿಕೊಂಡ. ಅಯ್ಯೋ ಮಂಕುಗಳಿರಾ, ಯಾರಾದರೂ ಎತ್ರೋ ಅಂತ ಬಾಯಿಗೆ ಬಂತು, ಆದರೆ ಅಷ್ಟು ಜನ ಅಳುವಾಗ ಹೇಗೆ ಹೇಳಲಿ.

ಆಗ ಗುಂಪನ್ನು ಸರಿಸಿಕೊಂಡು ಯಾರೋ ಬಂದರು. ಕರಿ ಉಡುಪು, ತಲೆಯ ಮೇಲೆ ಏನೂ ಇಲ್ಲ. ಎಲ್ಲಿಂದ ನೋಡುತ್ತಿದ್ದಳೋ. ಇಲೆಕ್ಟಮ್ಮ ಅಡ್ಡ ಬಂದು, "ಅವರನ್ನ ಮುಟ್ಟಬೇಡ, ಪ್ರಾರ್ಥನೆ ಮಾಡ್ತಿದ್ದಾರೆ" ಅಂದಳು.

"ಪ್ರಾರ್ಥನೆ ಅಲ್ಲ, ಕಾಲು ಹಿಡ್ಕೊಂಡಿದೆ. ದಾರಿ ಬಿಡಿ. ನಮ್ಮತ್ತೇನ ನಾನು ನೋಡ್ಕೋತೀನಿ" ಅಂದಳು ಸೆಲೀನಾ. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಐದು ವರ್ಷದಲ್ಲಿ ನಾನೇ ಕೇಳಿಲ್ಲ.

ಹಿಂದಿನಿಂದ ಕಂಕುಳಿಗೆ ಕೈ ಕೊಟ್ಟು ಎತ್ತಿದಳು. ಮೊದಲ ಸಲ ಇಬ್ಬರೂ ಬಿದ್ದೆವು. ಎರಡನೇ ಸಲ ಕಮ್ಮಾರ ಬಂದು ಇನ್ನೊಂದು ಕಡೆ ಹಿಡಿದ. ಮನೆಯವರೆಗೂ ಅವಳ ಹೆಗಲ ಮೇಲೆ ಭಾರ ಹಾಕಿ ನಡೆದೆ. ಆ ಸಣ್ಣ ಹೆಗಲು ಅಷ್ಟು ಭಾರ ಹೊರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಜನ ಸರಿದು ದಾರಿ ಬಿಟ್ಟರು. ಇಬ್ಬರು ಮೂವರು ಅವಳಿಗೇ ತಲೆಬಾಗಿದರು. ಮನೆಯ ಮೆಟ್ಟಿಲ ಹತ್ತಿರ, "ನಾಳೆ ಬೆಳಿಗ್ಗೆ ಏಳೂವರೆಗಲ್ವಾ ನಿನ್ನ ಗಾಡಿ?" ಅಂದೆ. "ಮೊದಲು ಕಾಲು ಎತ್ತಿಡಿ ಅತ್ತೆ" ಅಂದಳು.

ಏಪ್ರಿಲ್ 27

ಮಂಡಿ ಕುಂಬಳಕಾಯಿಯಷ್ಟು ಊದಿದೆ. ಗಾಡಿ ಏಳೂವರೆಗೆ ಹೋಯಿತು, ಸಿಳ್ಳೆ ಕೇಳಿಸಿತು. ಸೆಲೀನಾ ಅಡುಗೆಮನೆಯಲ್ಲಿ ನೀರು ಕಾಯಿಸುತ್ತಿದ್ದಳು. "ನೀವು ನಡೆಯೋ ಹಾಗಾಗಲಿ, ಆಮೇಲೆ ಹೋಗ್ತೀನಿ. ಚಿಕ್ಕಮ್ಮನಿಗೆ ಬರೆದಿದ್ದೀನಿ" ಅಂದಳು.

ಇಲೆಕ್ಟಮ್ಮ ಬಾದಾಮಿ ಕೇಕು ಕಳಿಸಿದ್ದಾಳೆ. "ಡೋರಕ್ಕನಿಗೂ, ಸೊಸೆಗೂ" ಅಂತ ಚೀಟಿ ಇತ್ತು. ಕೇಕು ಸ್ವಲ್ಪ ಒಣಗಿತ್ತು, ಆದರೂ ತಿಂದೆವು.

ಮೇ 2, ಮಂಗಳವಾರ

ಡಾಕ್ಟರು ಬಂದು ನೋಡಿ, ಊತ ಪೂರ್ತಿ ಇಳಿದಿದೆ, ಇನ್ನು ಓಡಾಡಬಹುದಲ್ಲ ಅಂದರು. ಸೆಲೀನಾ ಬಾವಿ ಹತ್ತಿರ ಇದ್ದಳು. ಬಾಗಿಲು ಮುಚ್ಚಿ ಮಾತಾಡಿ ಅಂದೆ. ಈ ವಯಸ್ಸಿನ ಮಂಡಿಯನ್ನು ನಂಬೋಕಾಗಲ್ಲ, ಬೇಸಿಗೆಯೆಲ್ಲ ಜೋಪಾನವಾಗಿರಬೇಕು ಅಂತ ಅವಳ ಮುಂದೆ ಹೇಳಿ ಅಂದೆ. ಡಾಕ್ಟರು ನನ್ನ ಮುಖ ನೋಡಿದರು. ಒಳ್ಳೆಯ ಮನುಷ್ಯ, ಹೇಳಿದರು.

ಅವಳು ನೀರು ತಂದಿಟ್ಟು ಮತ್ತೆ ಹೊರಗೆ ಹೋದ ಮೇಲೆ ಎದ್ದು ಮಹಡಿ ಹತ್ತಿ ನೋಡಿ ಬಂದೆ. ಟ್ರಂಕು ಹಗ್ಗ ಕಟ್ಟಿ ಹಾಗೇ ಇದೆ. ಇಳಿಯುವಾಗ ಒಂದು ಮೆಟ್ಟಿಲೂ ನೋಯಲಿಲ್ಲ. ಅವಳು ಬರುವ ಸದ್ದಾಯಿತು, ಬಂದು ಮಲಗಿದೆ.

ಸಂಜೆ ಬಾತುಕೋಳಿಯ ಕೊಬ್ಬು ಬಿಸಿ ಮಾಡಿ ತಂದು ಮಂಡಿಗೆ ತಿಕ್ಕಿದಳು. "ಇನ್ನೂ ನೋಯುತ್ತಾ ಅತ್ತೆ?" ಅಂದಳು.

"ಅಯ್ಯೋ, ಮೆಲ್ಲಗೆ ಕಣೇ" ಅಂದೆ.